ಬಳ್ಳಾರಿಗೆ ಹೊರಟ ವಿಮಾನವೂ ಪಡುವಲ ಗಾಳಿಯೂ

ಎರಡು ವರ್ಷದ ಹಿಂದಿನ ಮೇ ತಿಂಗಳು. ಅಪ್ಪನನ್ನು ಗದಗಿನ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದರು. ಮರುದಿನ ಬೆಳಿಗ್ಗೆ ಆಪರೇಷನ್. "ಒಳಗ ಕರಕೊಂಡು ಹೋಗೂದರಾಗ ಒಂದ್ಸಲ ಬಂದು ಮಾರಿ ತೋರಿಸು" ಅಂತ ಅವ್ವ ಫೋನಿನಲ್ಲಿ ಹೇಳಿದ್ದಳು. ಬಸ್ಸಾದರೆ ಇಡೀ ರಾತ್ರಿ ಹೋಗುತ್ತದೆ, ವಿಮಾನವಾದರೆ ಸಂಜೆಗೇ ಹುಬ್ಬಳ್ಳಿ, ಅಲ್ಲಿಂದ ಗದಗಿಗೆ ಒಂದೂವರೆ ತಾಸು ಅಂತ ಲೆಕ್ಕ ಹಾಕಿ, ಕೈ ಸುಟ್ಟುಕೊಂಡು ಟಿಕೆಟ್ ತೆಗೆಸಿ ಹತ್ತಿ ಕೂತೆ.

ಹುಬ್ಬಳ್ಳಿ ಬಂತು. ಆದರೆ ಇಳಿಯಲಿಲ್ಲ. ಬಡಗಣದ ಕಡೆ ಆಕಾಶ ಇದ್ದಲು ಬಣ್ಣಕ್ಕೆ ತಿರುಗಿತ್ತು. ಅಡ್ಡಮಳೆಯ ಮುಂಚಿನ ಆ ಹುಚ್ಚುಗಾಳಿ ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತು. ವಿಮಾನ ಕೆಳಗಿಳಿಯುತ್ತಾ ಬಂದಾಗ ನನಗೊಂದು ವಿಚಿತ್ರ ಕಾಣಿಸಿತು. ನಾನು ಕೂತಿದ್ದು ಪಕ್ಕದ ಕಿಟಕಿಯಲ್ಲಿ, ಆ ಕಿಟಕಿಯಿಂದಲೇ ರನ್‌ವೇ ಕಾಣುತ್ತಿದೆ! ಮುಂದೆ ಇರಬೇಕಾದದ್ದು ಪಕ್ಕದಲ್ಲಿ ಹೇಗೆ ಕಾಣುತ್ತದೆ? ವಿಮಾನ ಸೊಟ್ಟಗೆ ಹೋಗುತ್ತಿದೆ ಅಂತ ಎದೆ ಧಸಕ್ಕೆಂದಿತು. ಇನ್ನೇನು ನೆಲ ಮುಟ್ಟಬೇಕು ಅನ್ನುವಾಗ ಎಂಜಿನ್ ಅಬ್ಬರಿಸಿ ಮತ್ತೆ ಮೇಲಕ್ಕೆ. ಇನ್ನೊಂದು ಸುತ್ತು, ಇನ್ನೊಂದು ಪ್ರಯತ್ನ, ಮತ್ತೆ ಮೇಲಕ್ಕೆ. ಆಮೇಲೆ ಪೈಲಟ್ಟಿನ ದನಿ... ಗಾಳಿ ಮಿತಿ ಮೀರಿದೆ, ಬೆಂಗಳೂರಿಗೆ ವಾಪಸ್ಸು ಹೋಗುತ್ತಿದ್ದೇವೆ.

ಆಗ ನನಗೆ ಬಂದ ಸಿಟ್ಟು ಹೇಳತೀರದು. ಕೆಳಗೆ ಊರು ಕಾಣ್ತಿದೆ, ರಸ್ತೆ ಕಾಣ್ತಿದೆ, ಇಳಿಸೋಕೆ ಇವನಿಗೇನು ಕಷ್ಟ ಅಂತ ಮನಸ್ಸಿನಲ್ಲೇ ಬೈದುಕೊಂಡೆ. ಕೊನೆಗೆ ಅದೇ ರಾತ್ರಿ ಬಸ್ಸು ಹಿಡಿದು ಬೆಳಿಗ್ಗೆ ಗದಗ ಮುಟ್ಟುವ ಹೊತ್ತಿಗೆ ಅಪ್ಪನನ್ನು ಒಳಗೆ ಕರೆದೊಯ್ದು ಅರ್ಧ ತಾಸಾಗಿತ್ತು. ಮುಂದಿನ ನಾಲ್ಕು ತಾಸು ಆ ಬೆಂಚಿನ ಮೇಲೆ ಹೇಗೆ ಕಳೆದೆ ಅಂತ ಇಲ್ಲಿ ಬರೆಯೋದಿಲ್ಲ. ಅಪ್ಪ ಹೊರಗೆ ಬಂದ. ಮೂರು ದಿನಕ್ಕೆ ಮಾತಾಡಿದ. ನಾನು ವಿಮಾನದ ಕಥೆ ಹೇಳಿ ಪೈಲಟ್ಟನ್ನು ಬೈದೆ. ಅಪ್ಪ ಮಲಗಿದಲ್ಲಿಂದಲೇ ಹೇಳಿದ:

"ಅಂವಾ ಶಾಣ್ಯಾ ಅದಾನ ತಮ್ಮಾ. ಗಾಳಿ ದಿಕ್ಕು ತಪ್ಪಿ ಹೊಡಿಯಾಕತ್ತಿದಾಗ ಯಾರರ ರಾಶಿ ತೂರತಾರೇನು? ಮರ ಕೆಳಗಿಟ್ಟು ಕುಂದರತಾರ. ಗಾಳಿ ನೆಟ್ಟಗಾದ ಮ್ಯಾಲೆ ಏಳತಾರ."

ವಿಮಾನವನ್ನು ಒಮ್ಮೆಯೂ ಹತ್ತದ ಮನುಷ್ಯ ಹೇಳಿದ ಮಾತು. ಅಂದಿನಿಂದ ಈ ಗಾಳಿಯ ಹುಚ್ಚು ನನಗೆ ಹತ್ತಿತು. ಸಿಕ್ಕಿದ್ದೆಲ್ಲಾ ಓದಿದೆ. ಓದಿದ್ದನ್ನು ನಿಮ್ಮ ತಲೆಗೂ ಒಂದಿಷ್ಟು ತೂರೋಣ ಅಂತ ಈ ಬರಹ :)

ನಮ್ಮೂರು ಮುಳಗುಂದ. ಗದಗಿನಿಂದ ಲಕ್ಷ್ಮೇಶ್ವರದ ದಾರಿಯಲ್ಲಿ ಸಿಗುತ್ತದೆ. 1112ರಲ್ಲಿ 'ಧರ್ಮಾಮೃತ' ಬರೆದ ನಯಸೇನನ ಊರು ಅಂದರೆ ಸಾಹಿತ್ಯ ಓದಿದವರಿಗೆ ಗೊತ್ತಾಗುತ್ತದೆ. ಸುತ್ತ ಕರಿಮಣ್ಣಿನ ಎರೆಹೊಲ, ಆಚೆ ಕಪ್ಪತಗುಡ್ಡದ ಸಾಲು, ಆ ಸೀಮೆಯಲ್ಲಿ ಈಗ ಎಲ್ಲಿ ನೋಡಿದರೂ ಗಾಳಿಯಂತ್ರದ ಬಿಳಿ ರೆಕ್ಕೆಗಳು. ಗಾಳಿ ನಮಗೆ ಹೊಸದಲ್ಲ. ನಾನು ಸಣ್ಣವನಿದ್ದಾಗ ಸುಗ್ಗಿಯಲ್ಲಿ ಕಣದ ಮೇಲೆ ಜೋಳ ತೂರುವುದನ್ನು ನೋಡುತ್ತಾ ಕೂರುತ್ತಿದ್ದೆ. ಅಪ್ಪ ಎತ್ತರದ ಮೇಲೆ ನಿಂತು ಮರದಿಂದ ಸಣ್ಣಗೆ ಸುರಿಯುತ್ತಿದ್ದ. ಭಾರದ ಕಾಳು ಕಾಲ ಬುಡದಲ್ಲಿ ಬೀಳುತ್ತಿತ್ತು, ಹಗುರ ಹೊಟ್ಟು ಗಾಳಿಯ ಜೊತೆ ದೂರ ಹೋಗಿ ಬೀಳುತ್ತಿತ್ತು. ಕಾಳು ಕೂಡಾ ನೆಟ್ಟಗೆ ಬೀಳುತ್ತಿರಲಿಲ್ಲ, ಒಂದು ಗೇಣು ಓರೆಯಾಗಿಯೇ ಬೀಳುತ್ತಿತ್ತು. ರಾಶಿ ಎಲ್ಲಿ ಬೀಳಬೇಕು ಅಂತ ಮೊದಲೇ ಅಂದಾಜು ಮಾಡಿ ಅಪ್ಪ ಅದಕ್ಕೆ ತಕ್ಕಂತೆ ಮೂಡಲ ಕಡೆಗೋ ಪಡುವಲ ಕಡೆಗೋ ಸರಿದು ನಿಲ್ಲುತ್ತಿದ್ದ. 'ಗಾಳಿ ಬಂದಾಗ ತೂರಿಕೋ' ಅನ್ನುವ ಗಾದೆ ನಮಗೆಲ್ಲಾ ಬಾಯಿಪಾಠ. ಆದರೆ ಗಾಳಿ ಬಂದಾಗ ಎಲ್ಲಿ ನಿಂತು ತೂರಬೇಕು ಅನ್ನುವುದು ಗಾದೆಯಲ್ಲಿಲ್ಲ, ಕಣದಲ್ಲಿತ್ತು.

ವಿಮಾನದ ಕಥೆಯೂ ಇಷ್ಟೇ. ನೆಲದ ಮೇಲೆ ಓಡುವ ಬಸ್ಸಿಗೆ ರಸ್ತೆ ಹಿಡಿತ ಕೊಡುತ್ತದೆ. ವಿಮಾನಕ್ಕೆ ಹಿಡಿದುಕೊಳ್ಳಲು ಏನೂ ಇಲ್ಲ. ಅದು ಗಾಳಿಯೊಳಗೆ ಹೋಗುತ್ತದೆ, ಆ ಗಾಳಿ ತಾನೇ ಎತ್ತಲೋ ಹೋಗುತ್ತಿರುತ್ತದೆ. ಇದನ್ನು ನನಗೆ ಸರಿಯಾಗಿ ಅರ್ಥ ಮಾಡಿಸಿದ್ದು ಪುಸ್ತಕ ಅಲ್ಲ, ತುಂಗಭದ್ರೆಯ ಹರಿಗೋಲು. ಅಜ್ಜಿಯ ತವರು ಮುಂಡರಗಿ ಕಡೆ ಹೊಳೆದಂಡೆಯ ಒಂದು ಹಳ್ಳಿ. ಹೊಳೆ ತುಂಬಿದಾಗ ಅಂಬಿಗ ಹರಿಗೋಲನ್ನು ಎದುರು ದಂಡೆಯ ಕಟ್ಟೆಗೆ ನೇರವಾಗಿ ಎಂದೂ ಬಿಡುತ್ತಿರಲಿಲ್ಲ. ಅದನ್ನು ತಲೆಯ ಮೇಲೆ ಹೊತ್ತು ದಂಡೆಗುಂಟ ಮೇಲಕ್ಕೆ ನಡೆದು ಅಲ್ಲಿಂದ ನೀರಿಗಿಳಿಸುತ್ತಿದ್ದ. ಅವನು ಹುಟ್ಟು ಹಾಕುತ್ತಾ ಹೋದಂತೆ ಹೊಳೆ ಅವನನ್ನು ಕೆಳಕ್ಕೆ ತರುತ್ತಿತ್ತು, ಎರಡೂ ಕೂಡಿ ಸರಿಯಾಗಿ ಕಟ್ಟೆಗೆ ಹೋಗಿ ಮುಟ್ಟುತ್ತಿದ್ದ. ವಿಮಾನದವರು ಕಾಗದದ ಮೇಲೆ ಬರೆಯುವ 'ಗಾಳಿಯ ತ್ರಿಕೋನ' ಇದೇ. ಮೂರು ಗೆರೆ: ಮೂತಿ ಎತ್ತ ಇದೆ, ಎಷ್ಟು ವೇಗ ಅನ್ನುವುದು ಒಂದು. ಗಾಳಿ ಎತ್ತ, ಎಷ್ಟು ಅನ್ನುವುದು ಇನ್ನೊಂದು. ಇವೆರಡನ್ನೂ ಕೂಡಿಸಿದರೆ ಬರುವ ಮೂರನೆಯದು, ನೆಲದ ಮೇಲೆ ವಿಮಾನದ ನೆರಳು ನಿಜವಾಗಿ ಹೋಗುವ ದಾರಿ. ದಿಕ್ಸೂಚಿ ತೋರಿಸುವುದು ಮೊದಲನೆಯದನ್ನು ಮಾತ್ರ. ಮೂತಿ ಎತ್ತ ಇದೆ ಅಂತ ಅದು ಹೇಳುತ್ತದೆ, ನೀನು ಎತ್ತ ಹೋಗುತ್ತಿದ್ದೀಯ ಅಂತ ಹೇಳುವುದಿಲ್ಲ. ಹುಬ್ಬಳ್ಳಿಯ ಮೇಲೆ ನನಗೆ ಸೊಟ್ಟಗೆ ಕಂಡ ವಿಮಾನ ವಾಸ್ತವದಲ್ಲಿ ನೆಟ್ಟಗೇ ಹೋಗುತ್ತಿತ್ತು. ಬಡಗಣದ ಗಾಳಿಗೆ ಮೂತಿಯನ್ನು ಬಡಗಣಕ್ಕೆ ಓರೆ ಮಾಡಿಕೊಂಡು, ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಾ.

ಈಗ ಇತಿಹಾಸಕ್ಕೆ ಬರೋಣ. ನಮ್ಮ ನಾಡಿನ ವಿಮಾನಯಾನದ ಮೊದಲ ಪುಟಗಳಲ್ಲೇ ಬಳ್ಳಾರಿಯ ಹೆಸರಿದೆ ಅಂತ ನಿಮಗೆ ಗೊತ್ತೇ? 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮೇಲೆ ಮುಂಬಯಿಯ ಜುಹುಗೆ ಟಪಾಲು ಚೀಲ ಹೊತ್ತು ತಂದರು. ಲಂಡನ್ನಿನಿಂದ ಇಂಪೀರಿಯಲ್ ಏರ್‌ವೇಸ್ ವಿಮಾನ ಕರಾಚಿಗೆ ತರುತ್ತಿದ್ದ ಟಪಾಲು ಅದು. ಮುಂಬಯಿಯಿಂದ ಮುಂದೆ ಬಳ್ಳಾರಿ ಮೇಲೆ ಮದರಾಸಿಗೆ ಅದನ್ನು ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ವಿಮಾನ 'ಪುಸ್ ಮಾತ್' ಅನ್ನುವ ಒಂಟಿ ಎಂಜಿನ್ನಿನ ಪುಟ್ಟ ಯಂತ್ರ, ವೇಗ ಗಂಟೆಗೆ ಸುಮಾರು 160 ಕಿ.ಮೀ. ರೇಡಿಯೋ ಇಲ್ಲ. ಒಂದು ದಿಕ್ಸೂಚಿ, ಒಂದು ನಕಾಶೆ, ಎರಡು ಕಣ್ಣು. ಮಳೆಗಾಲದಲ್ಲಿ ಜುಹುವಿನ ಮೈದಾನ ಕೆಸರಾಗಿ ಹೋಗುತ್ತಿದ್ದರಿಂದ ಆಗ ಮುಂಬಯಿ ಬಿಟ್ಟು ಪುಣೆಯಿಂದ ಹಾರುತ್ತಿದ್ದರು. (ಮುಂದೆ ಈ ದಾರಿಯಲ್ಲಿ ಬಳ್ಳಾರಿಯ ಬದಲು ಹೈದರಾಬಾದ್ ಬಂತು.)

ನಕಾಶೆಯ ಮೇಲೆ ಪುಣೆಯಿಂದ ಬಳ್ಳಾರಿಗೆ ಸ್ಕೇಲಿಟ್ಟು ಗೆರೆ ಎಳೆದು ನೋಡಿ. ನಾನು ಎಳೆದೆ. ಸುಮಾರು 490 ಕಿ.ಮೀ. ಬಿಜಾಪುರವನ್ನು ಎಡಕ್ಕೆ ಬಿಟ್ಟು, ಕೂಡಲಸಂಗಮದ ಆಸುಪಾಸು ಕೃಷ್ಣೆಯನ್ನು ದಾಟಿ, ಇಳಕಲ್ಲಿನ ಹತ್ತಿರ ಹಾದು, ಗಂಗಾವತಿಯ ಕಡೆ ತುಂಗಭದ್ರೆಯನ್ನು ದಾಟಿ ಗೆರೆ ಬಳ್ಳಾರಿ ಮುಟ್ಟುತ್ತದೆ. ನಮ್ಮೂರಿನಿಂದ ನೂರು ಕಿಲೋಮೀಟರಿನಷ್ಟು ಈಶಾನ್ಯಕ್ಕೆ. ಅದು ಆಗ್ನೇಯಕ್ಕೆ ಇಳಿಯುವ ದಾರಿ. ಮಳೆಗಾಲದ ಗಾಳಿ ಬೀಸುವುದು ಪಡುವಲದಿಂದ, ಅಂದರೆ ಹಿಂದಿನಿಂದಲೂ ಹೌದು, ಬಲಗಡೆಯ ಪಕ್ಕದಿಂದಲೂ ಹೌದು.

ಒಂದು ಲೆಕ್ಕ ಮಾಡೋಣ. ಪಡುವಲ ಗಾಳಿ ಗಂಟೆಗೆ 65 ಕಿ.ಮೀ. ಇದೆ ಅಂತ ಇಟ್ಟುಕೊಳ್ಳಿ. ಪೈಲಟ್ ಗಾಳಿಯನ್ನು ಮರೆತು ಮೂತಿಯನ್ನು ನೇರ ಬಳ್ಳಾರಿಗೆ ಹಿಡಿದು ಹೊರಟ ಅಂತಲೂ ಇಟ್ಟುಕೊಳ್ಳಿ. ಆ ಗಾಳಿ ಗಂಟೆಗೆ 42 ಕಿ.ಮೀ.ನಷ್ಟು ಅವನನ್ನು ಮುಂದಕ್ಕೆ ನೂಕುತ್ತದೆ, 49 ಕಿ.ಮೀ.ನಷ್ಟು ಎಡಕ್ಕೆ ತಳ್ಳುತ್ತದೆ. ಸುಮಾರು ಎರಡೂವರೆ ತಾಸಿನ ನಂತರ ಬಳ್ಳಾರಿ ಬಂದಿರಬೇಕು ಅಂತ ಅವನು ಮೋಡದಿಂದ ಕೆಳಗಿಳಿದು ನೋಡಿದರೆ ಬಳ್ಳಾರಿ ಅಲ್ಲಿಲ್ಲ. ಅವನಿರುವುದು 120 ಕಿ.ಮೀ. ಈಶಾನ್ಯಕ್ಕೆ, ಹೆಚ್ಚೂಕಡಿಮೆ ಕರ್ನೂಲಿನ ಹತ್ತಿರ! ದಿಕ್ಸೂಚಿ ಕೂದಲೆಳೆಯಷ್ಟೂ ತಪ್ಪು ಹೇಳಿಲ್ಲ, ಎಂಜಿನ್ ಕೆಟ್ಟಿಲ್ಲ. ಸರಿಯಾಗಿ ಬಳ್ಳಾರಿ ಮುಟ್ಟಬೇಕಾದರೆ ಅವನು ಮೂತಿಯನ್ನು 18 ಡಿಗ್ರಿ ಬಲಕ್ಕೆ ತಿರುಗಿಸಿಕೊಂಡು, ಬಳ್ಳಾರಿಯಲ್ಲದ ಕಡೆಗೆ ಮುಖ ಮಾಡಿಯೇ ಹೋಗಬೇಕು. ಅಂಬಿಗ ಹರಿಗೋಲು ಹೊತ್ತು ಮೇಲಕ್ಕೆ ನಡೆದ ಹಾಗೆ.

ಆದರೆ ಗಾಳಿ ಎಷ್ಟಿದೆ ಅಂತ ಅವನಿಗೆ ಹೇಳುವವರು ಯಾರು? ಅದಕ್ಕೇ ಆ ಕಾಲದವರು ಕೆಳಗೆ ನೋಡುತ್ತಾ ಹಾರುತ್ತಿದ್ದರು. ನದಿ ಬಂತೇ, ರೈಲು ಕಂಬಿ ಬಂತೇ, ದೂರದಲ್ಲಿ ಗೋಳಗುಮ್ಮಟ ಕಂಡಿತೇ? ಕಾಣಬೇಕಾದದ್ದು ಎಡಕ್ಕೆ ಕಾಣದೆ ಕಾಲ ಕೆಳಗೇ ಕಂಡಿತೆಂದರೆ ಗಾಳಿ ತಳ್ಳಿದೆ ಅಂತ ಅರ್ಥ, ಅಷ್ಟು ಮೂತಿ ತಿರುಗಿಸು. ನೆಲ ಕಾಣುವವರೆಗೆ ಇದು ಸರಿ. ಮಳೆಗಾಲದ ಮೋಡ ಕವಿದು ನೆಲ ಮುಚ್ಚಿಹೋದರೆ?

ಇನ್ನೊಂದು ತಪ್ಪು ತಿಳುವಳಿಕೆ ನನಗೂ ಇತ್ತು. ಹೋಗುವಾಗ ಎದುರುಗಾಳಿ, ಬರುವಾಗ ಅದೇ ಹಿಂಗಾಳಿ, ಲೆಕ್ಕ ಸರಿಹೋಯಿತಲ್ಲ? ಹೋಗುವುದಿಲ್ಲ. ಅದೇ 160 ಕಿ.ಮೀ. ವೇಗದ ವಿಮಾನ 480 ಕಿ.ಮೀ. ಹೋಗಿ ಬರಬೇಕು ಅನ್ನಿ. ಗಾಳಿ ಇಲ್ಲದಿದ್ದರೆ ಮೂರು ಮೂರು ಆರು ತಾಸು. ಗಂಟೆಗೆ 80 ಕಿ.ಮೀ. ಗಾಳಿ ಇದ್ದರೆ ಹೋಗುವಾಗ ವೇಗ 80, ಅಂದರೆ ಆರು ತಾಸು. ಬರುವಾಗ ವೇಗ 240, ಅಂದರೆ ಎರಡು ತಾಸು. ಒಟ್ಟು ಎಂಟು! ಎದುರುಗಾಳಿಯಲ್ಲಿ ನೀವು ಹೆಚ್ಚು ಹೊತ್ತು ಸಿಕ್ಕಿಕೊಂಡಿರುತ್ತೀರಿ, ಹಿಂಗಾಳಿ ಸ್ವಲ್ಪ ಹೊತ್ತು ಮಾತ್ರ ಸಿಗುತ್ತದೆ. ಅಡ್ಡಗಾಳಿಯಾದರೂ ಎರಡೂ ಕಡೆ ನಷ್ಟವೇ, ಅಷ್ಟೇ ಗಾಳಿ ಅಡ್ಡ ಬಂದರೆ ಸುಮಾರು ಏಳು ತಾಸು. ಗಾಳಿ ಸಾಲ ಕೊಟ್ಟ ಸಾಹುಕಾರನ ಹಾಗೆ, ಹೇಗೆ ಲೆಕ್ಕ ಹಾಕಿದರೂ ಅವನಿಗೇ ಲಾಭ. ಆರು ತಾಸಿಗೆ ಎಣ್ಣೆ ತುಂಬಿಸಿಕೊಂಡು ಹೊರಟವನ ಗತಿ ಏನು ಅಂತ ನೀವೇ ಯೋಚಿಸಿ.

ನಮ್ಮ ಪಡುವಲ ಗಾಳಿ ಎಷ್ಟು ಜೋರಿನದು ಅಂತ ನಿಜವಾಗಿ ಗೊತ್ತಾದದ್ದು ಬಹಳ ತಡವಾಗಿ. ಜಲಜನಕ ತುಂಬಿದ ಬಲೂನು ಬಿಟ್ಟು, ಅದು ಮೇಲೇರುತ್ತಾ ಎತ್ತ ಸರಿಯುತ್ತದೆ ಅಂತ ದುರ್ಬೀನಿನಂಥ ಉಪಕರಣದಲ್ಲಿ ನೋಡಿ ಬರೆದಿಡುವುದು ಮೇಲಿನ ಗಾಳಿ ಅಳೆಯುವ ಹಳೆಯ ಕ್ರಮ. ಕೈಬಿಟ್ಟ ಹೊಟ್ಟು ಎತ್ತ ಹೋಗುತ್ತದೆ ಅಂತ ನೋಡುವುದೇ ತಾನೇ ಇದು? 1966ರಲ್ಲಿ ಹವಾಮಾನ ವಿಜ್ಞಾನಿಗಳಾದ ಪಿ.ವಿ. ಜೋಸೆಫ್ ಮತ್ತು ಪಿ.ಎಲ್. ರಾಮನ್ ಅವರು ಜುಲೈ ತಿಂಗಳಲ್ಲಿ ದಕ್ಷಿಣ ಭಾರತದ ಮೇಲೆ, ಬರೀ ಒಂದೂವರೆ ಕಿ.ಮೀ. ಎತ್ತರದಲ್ಲಿ ಪಡುವಲದಿಂದ ಒಂದು ಬಿರುಗಾಳಿಯ ಹೊಳೆಯೇ ಹರಿಯುತ್ತದೆ ಅಂತ ತೋರಿಸಿದರು. ವೇಗ 40ರಿಂದ 60 ನಾಟ್, ಅಂದರೆ ಗಂಟೆಗೆ 75ರಿಂದ 110 ಕಿ.ಮೀ. ನಾನು ಮೇಲೆ ಲೆಕ್ಕಕ್ಕೆ ಹಿಡಿದ 65 ಕಿ.ಮೀ. ಇದರ ಮುಂದೆ ಕಡಿಮೆಯೇ! ಮೂರು ವರ್ಷದ ನಂತರ, 1969ರಲ್ಲಿ, ಫಿಂಡ್‌ಲೇಟರ್ ಅನ್ನುವವರು ಇದೇ ಹೊಳೆ ಆಫ್ರಿಕಾದ ಪೂರ್ವ ಕರಾವಳಿಯ ಕಡೆಯಿಂದ ಅರಬ್ಬಿ ಸಮುದ್ರ ದಾಟಿ ಬರುತ್ತದೆ ಅಂತ ಬರೆದರು. ಇನ್ನೂ ತಮಾಷೆ ಅಂದರೆ ಅದೇ ಮಳೆಗಾಲದಲ್ಲಿ ಹದಿನಾಲ್ಕು ಹದಿನೈದು ಕಿ.ಮೀ. ಎತ್ತರದಲ್ಲಿ ಗಾಳಿ ಉಲ್ಟಾ, ಮೂಡಲದಿಂದ ಪಡುವಲಕ್ಕೆ ಇನ್ನೂ ಜೋರಾಗಿ ಹರಿಯುತ್ತದೆ. ಅದನ್ನು 1958ರಲ್ಲಿ ವಿವರಿಸಿದವರು ನಮ್ಮವರೇ ಆದ ಪಿ. ಕೋಟೇಶ್ವರಂ. ಒಂದೇ ಊರಿನ ನೆತ್ತಿಯ ಮೇಲೆ ಒಂದರ ಮೇಲೊಂದು ಎರಡು ಹೊಳೆ, ಒಂದು ಆ ಕಡೆ, ಒಂದು ಈ ಕಡೆ.

ಗಾಳಿಯ ಸುದ್ದಿ ಗೊತ್ತಿಲ್ಲದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಘಟನೆ ಹೇಳುತ್ತೇನೆ. 1947ರ ಆಗಸ್ಟ್ 2. 'ಸ್ಟಾರ್ ಡಸ್ಟ್' ಅನ್ನುವ ಬ್ರಿಟಿಷ್ ವಿಮಾನ ಹನ್ನೊಂದು ಜನರನ್ನು ಹೊತ್ತು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಿಂದ ಆಂಡೀಸ್ ಪರ್ವತ ದಾಟಿ ಚಿಲಿಯ ಸಾಂಟಿಯಾಗೋಗೆ ಹೊರಟಿತ್ತು. ಕೆಳಗೆಲ್ಲಾ ಮೋಡ. ಇನ್ನೇನು ಕೆಲವೇ ನಿಮಿಷದಲ್ಲಿ ಇಳಿಯುತ್ತೇವೆ ಅಂತ ತಂತಿ ಸುದ್ದಿ ಕಳಿಸಿದರು, ಆಮೇಲೆ ಪತ್ತೆಯೇ ಇಲ್ಲ. ಐವತ್ತು ವರ್ಷ ದಾಟಿದ ಮೇಲೆ, 1998ರಲ್ಲಿ, ತುಪುಂಗಾಟೋ ಶಿಖರದ ಹಿಮನದಿಯಿಂದ ಅದರ ಚೂರುಗಳು ಹೊರಬಂದವು. ಆದದ್ದಿಷ್ಟು ಅಂತ ಈಗ ತಿಳಿದವರು ಹೇಳುತ್ತಾರೆ: ಆ ಎತ್ತರದಲ್ಲಿ ಭಾರೀ ಎದುರುಗಾಳಿ ಇತ್ತು. ತಮ್ಮ ಗಡಿಯಾರದ ಪ್ರಕಾರ ಅವರು ಪರ್ವತ ದಾಟಿಯಾಗಿತ್ತು. ನೆಲದ ಪ್ರಕಾರ ಇನ್ನೂ ದಾಟಿರಲಿಲ್ಲ. ದಾಟಿದೆವು ಅಂತ ನಂಬಿ ಮೋಡದೊಳಗೆ ಕೆಳಗಿಳಿದರು, ಮೋಡದೊಳಗೆ ಬೆಟ್ಟ ಇತ್ತು.

ಈ ಮೇಲ್ಗಾಳಿಯ ಬಗ್ಗೆ ಆಗ ಯಾರಿಗೂ ಗೊತ್ತಿರಲಿಲ್ಲವೇ? ಗೊತ್ತಿತ್ತು! ಇಡೀ ಕಥೆಯಲ್ಲಿ ನನ್ನನ್ನು ಬಹಳ ಕಾಡಿದ್ದು ಇದೇ. ಜಪಾನಿನ ತತೆನೋ ಅನ್ನುವಲ್ಲಿ ವಾಸಾಬುರೋ ಊಯಿಷಿ ಎಂಬ ಹವಾಮಾನ ವಿಜ್ಞಾನಿ ಇದ್ದ. 1923ರಿಂದ 1925ರವರೆಗೆ ಸಾವಿರಕ್ಕೂ ಹೆಚ್ಚು ಬಾರಿ ಬಲೂನು ಹಾರಿಸಿ, ಚಳಿಗಾಲದಲ್ಲಿ ಜಪಾನಿನ ಮೇಲೆ ಒಂಬತ್ತು ಕಿ.ಮೀ. ಎತ್ತರದಲ್ಲಿ ಗಂಟೆಗೆ ಇನ್ನೂರು ಕಿ.ಮೀ.ಗೂ ಹೆಚ್ಚಿನ ಪಡುವಲ ಗಾಳಿ ಹರಿಯುತ್ತದೆ ಅಂತ ಕಂಡುಕೊಂಡ. ನಾವು ಈಗ ಜೆಟ್ ಸ್ಟ್ರೀಮ್ ಅನ್ನುತ್ತೇವಲ್ಲ, ಅದು. ಜಗತ್ತಿಗೆಲ್ಲಾ ತಿಳಿಯಲಿ ಅಂತ 1926ರಲ್ಲಿ ವರದಿ ಬರೆದ. ಯಾವ ಭಾಷೆಯಲ್ಲಿ? ಎಸ್ಪೆರಾಂಟೋದಲ್ಲಿ! ಎಲ್ಲರಿಗೂ ಒಂದೇ ಭಾಷೆ ಇರಲಿ ಅಂತ ಹೊಸದಾಗಿ ಕಟ್ಟಿದ ಭಾಷೆ ಅದು, ಊಯಿಷಿಗೆ ಅದರ ಮೇಲೆ ಬಲು ಪ್ರೀತಿ. ಎಲ್ಲರೂ ಓದಲಿ ಅಂತ ಬರೆದದ್ದನ್ನು ಹೊರಗಿನವರು ಓದಲೇ ಇಲ್ಲ ಅನ್ನಬೇಕು. 1944ರ ನವೆಂಬರಿನಲ್ಲಿ ಅಮೆರಿಕದ ಬಿ-29 ವಿಮಾನಗಳು ಟೋಕಿಯೋ ಮೇಲೆ ಹೋದಾಗ ಈ ಗಾಳಿಗೆ ಸಿಕ್ಕಿ ಹಾಕಿದ ಬಾಂಬುಗಳೆಲ್ಲಾ ಎಲ್ಲೆಲ್ಲೋ ಬಿದ್ದವು. ಜಪಾನಿನವರು ಮಾತ್ರ ಅದೇ ಗಾಳಿಯಲ್ಲಿ ಬಲೂನಿಗೆ ಬಾಂಬು ಕಟ್ಟಿ ಅಮೆರಿಕಕ್ಕೆ ತೇಲಿಬಿಟ್ಟರು. ಮೂರು ವರ್ಷದ ನಂತರ ಸ್ಟಾರ್ ಡಸ್ಟ್. ಅದು ಬೇರೆ ಖಂಡದ ಗಾಳಿ ನಿಜ, ಆದರೆ ಅಂಥ ಹೊಳೆಯೊಂದು ಮೇಲೆ ಹರಿಯುತ್ತದೆ ಅನ್ನುವ ತಿಳುವಳಿಕೆ ಇಪ್ಪತ್ತು ವರ್ಷದಿಂದ ಕಪಾಟಿನಲ್ಲಿತ್ತು.

ಇವತ್ತಿನ ವಿಮಾನಕ್ಕೆ ಜಿಪಿಎಸ್ ಇದೆ. ಮೂತಿ ಎತ್ತ, ದಾರಿ ಎತ್ತ, ಗಾಳಿ ಎಷ್ಟು ಅನ್ನುವುದೆಲ್ಲಾ ಕಣ್ಣೆದುರೇ ಕಾಣುತ್ತದೆ. ಕರ್ನೂಲಿಗೆ ಹೋಗಿ ಬಳ್ಳಾರಿ ಹುಡುಕುವ ಪಾಡಿಲ್ಲ. ಆದರೂ ಗಾಳಿಯ ಸುಂಕ ತಪ್ಪಿಲ್ಲ. ಅಮೆರಿಕದಲ್ಲಿರುವ ಗೆಳೆಯರನ್ನು ಕೇಳಿ, ನ್ಯೂಯಾರ್ಕಿನಿಂದ ಲಂಡನ್ನಿಗೆ ಬರುವುದಕ್ಕಿಂತ ಲಂಡನ್ನಿನಿಂದ ನ್ಯೂಯಾರ್ಕಿಗೆ ಹೋಗುವುದಕ್ಕೆ ಸುಮಾರು ಒಂದು ತಾಸು ಹೆಚ್ಚು. ಇಳಿಯುವಾಗಲಂತೂ ಗಾಳಿಯದ್ದೇ ದರ್ಬಾರು. ವಿಮಾನ ಎದುರುಗಾಳಿಗೆ ಮುಖ ಮಾಡಿ ಇಳಿದರೆ ನೆಲದ ಮೇಲಿನ ವೇಗ ಕಡಿಮೆ, ಬೇಗ ನಿಲ್ಲುತ್ತದೆ. ಅದಕ್ಕೇ ರನ್‌ವೇಯನ್ನು ಆ ಊರಿನ ಗಾಳಿ ನೋಡಿ ಹಾಕುತ್ತಾರೆ. ರನ್‌ವೇ ತುದಿಯಲ್ಲಿ ಬರೆದ ಅಂಕಿಗೆ ಒಂದು ಸೊನ್ನೆ ಸೇರಿಸಿದರೆ ದಿಕ್ಸೂಚಿಯ ಡಿಗ್ರಿ. ಬೆಂಗಳೂರಿನದು 09 ಮತ್ತು 27, ಹುಬ್ಬಳ್ಳಿ ಬೆಳಗಾವಿಯವು 08 ಮತ್ತು 26. ಎಲ್ಲಾ ಹೆಚ್ಚೂಕಡಿಮೆ ಮೂಡಲ-ಪಡುವಲ! ಮಳೆಗಾಲಕ್ಕೆ ಪಡುವಲ ಗಾಳಿ, ಚಳಿಗಾಲಕ್ಕೆ ಮೂಡಗಾಳಿ ಅಂತ ನಮ್ಮ ಕಣದವರಿಗೆ ಗೊತ್ತಿದ್ದದ್ದನ್ನೇ ಎಂಜಿನಿಯರುಗಳು ಡಾಂಬರಿನಲ್ಲಿ ಬರೆದಿಟ್ಟಿದ್ದಾರೆ. ಮೇ ತಿಂಗಳ ಅಡ್ಡಮಳೆಯ ಗಾಳಿ ಮಾತ್ರ ಈ ಲೆಕ್ಕಕ್ಕೆ ಸಿಗದ ಪೋಲಿ. ಬಡಗಣದಿಂದ ರಪ್ಪನೆ ಬಂದು ಬೀಳುತ್ತದೆ. ಏಡಿಯ ಹಾಗೆ ಓರೆ ಬಂದ ವಿಮಾನ ಚಕ್ರ ನೆಲಕ್ಕೆ ತಾಗುವ ಗಳಿಗೆಯಲ್ಲಿ ಮೂತಿ ನೆಟ್ಟಗೆ ಮಾಡಿಕೊಳ್ಳಲೇಬೇಕು, ಇಲ್ಲದಿದ್ದರೆ ಅಡ್ಡಡ್ಡ ಜಾರುತ್ತದೆ. ಆ ಒಂದು ಗಳಿಗೆಗೆ ಗಾಳಿ ಎಷ್ಟಿರಬಹುದು ಅನ್ನುವುದಕ್ಕೆ ಪ್ರತಿ ವಿಮಾನಕ್ಕೂ ಮಿತಿ ಇದೆ. ಅವತ್ತು ಆ ಮಿತಿ ಮೀರಿತ್ತು. ನನ್ನ ಪೈಲಟ್ ಮರ ಕೆಳಗಿಟ್ಟು ಕೂತ, ಅಷ್ಟೇ.

ನಾನು ಅವನನ್ನು ಬೈದದ್ದು ನೆನಪಾದರೆ ಈಗ ನಾಚಿಕೆಯಾಗುತ್ತದೆ. ಒಂದು ರಾತ್ರಿ ತಡವಾಯಿತು ನಿಜ, ಆದರೆ ಅಪ್ಪ ಹೊರಗೆ ಬಂದಾಗ ನೋಡಲು ನಾನೂ ಇದ್ದೆನಲ್ಲ.

ಕಳೆದ ಸುಗ್ಗಿಗೆ ಊರಿಗೆ ಹೋಗಿದ್ದೆ. ಈಗ ಎಲ್ಲರ ಹೊಲಕ್ಕೂ ರಾಶಿ ಮಾಡುವ ಮಷೀನು ಬರುತ್ತದೆ, ತೂರುವವರಿಲ್ಲ. ಅಪ್ಪ ಕಟ್ಟೆಯ ಮೇಲೆ ಕೂತು, ಮಷೀನಿನಿಂದ ಹಾರುವ ಹೊಟ್ಟು ನೋಡಿ "ಇವತ್ತ ಮೂಡಗಾಳಿ ಐತಿ" ಅಂದ. ಅವನ ತಲೆಯಲ್ಲಿರುವ ಈ ಗಾಳಿಯ ಲೆಕ್ಕ ಯಾವ ವರದಿಯಲ್ಲೂ ಇಲ್ಲ. ಊಯಿಷಿ ಬರೆದ, ಓದುವವರಿರಲಿಲ್ಲ. ನಮ್ಮಪ್ಪನಂಥವರು ಬರೆಯಲೇ ಇಲ್ಲ. ಸಂಸ್ಕೃತವನ್ನು ಕನ್ನಡದಲ್ಲಿ ಬೆರೆಸುವುದು ತುಪ್ಪಕ್ಕೆ ಎಣ್ಣೆ ಬೆರೆಸಿದ ಹಾಗೆ ಅಂತ ನಮ್ಮೂರ ನಯಸೇನ ಒಂಬೈನೂರು ವರ್ಷದ ಹಿಂದೆಯೇ ತಕರಾರು ಎತ್ತಿದ್ದ, ಓದುವವರಿಗೆ ತಿಳಿಯುವ ಹಾಗೆ ಬರೀರಪ್ಪಾ ಅಂತ. ಆ ಧೈರ್ಯದ ಮೇಲೆ ನಾನೂ ವಿಮಾನದ ವಿಷಯವನ್ನು ಕಣದ ಭಾಷೆಯಲ್ಲಿ ಬರೆದಿದ್ದೇನೆ. ಲೆಕ್ಕದಲ್ಲಿ ತಪ್ಪಿದ್ದರೆ ಗಣಿತದ ಮೇಷ್ಟ್ರುಗಳು ಕಿವಿ ಹಿಂಡಿ.

ನಿಮ್ಮೂರಲ್ಲಿ ಗಾಳಿಗೆ ಏನೇನು ಹೆಸರಿದೆ? ಯಾವ ತಿಂಗಳು ಎತ್ತಲಿಂದ ಬರುತ್ತದೆ? ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ಅವರು ಇರುವಾಗಲೇ ಕೇಳಿ.